ಹಬೆಯಕ್ಕನ ಜಾಡಿಗಳು

ನಮ್ಮ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಮೂವತ್ತೆಂಟು ವರ್ಷ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕತ್ತರಿ, ಚಿಮಟ, ಸೂಜಿಗಳನ್ನು ಬೇಯಿಸಿದವರು. ಆಪರೇಷನ್ ಥಿಯೇಟರಿನಿಂದ ಬಂದ ಸಾಮಾನನ್ನೆಲ್ಲ ಉಜ್ಜಿ, ಒರೆಸಿ, ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿ, ದೊಡ್ಡ ಹಬೆಯಂತ್ರದೊಳಗೆ ತಳ್ಳಿ, ಬಾಗಿಲು ಬಿಗಿದು ಗಡಿಯಾರ ನೋಡುತ್ತ ಕೂರುವ ಕೆಲಸ. ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು ಹಬೆಯಕ್ಕ. "ಈ ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದ ಕತ್ತರಿ ನಾನು ಬೇಯ್ಸಿದ್ದು" ಎಂದು ಒಮ್ಮೆ ಹೇಳಿದ್ದರು. ಜಂಬಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ "ಡ್ಯೂಟಿ ಇತ್ತು" ಎನ್ನುತ್ತಿದ್ದರು, ಅರ್ಧ ದಿನ ರಜೆ ಸಿಕ್ಕಿದ್ದರೆ ಮುಗಿಸಿಕೊಂಡು ಬರುತ್ತಿದ್ದೆ ಎನ್ನುವ ಹಾಗೆ.

ನಿವೃತ್ತಿಯಾಗಿ ಆಸ್ಪತ್ರೆಯ ಕ್ವಾರ್ಟರ್ಸ್ ಬಿಡಬೇಕಾದಾಗ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು, "ಮೂರು ತಿಂಗಳು ಮಾತ್ರ ಕಣಮ್ಮ. ಅಷ್ಟರಲ್ಲಿ ಎಲ್ಲಾದ್ರೂ ಒಂದು ರೂಮು ನೋಡ್ಕೋತೀನಿ" ಎಂದರು. "ಹಾಗ್ಯಾಕಂತೀರಿ ಅತ್ತಿಗೆ" ಎಂದು ಬಾಯಿ ಹೇಳಿತು. ಮನಸ್ಸು ಕ್ಯಾಲೆಂಡರ್ ತಿರುವಿತು. ಸುಳ್ಳು ಹೇಳಿ ಏನು ಬಂತು? ನಮ್ಮದು ಎರಡು ಕೋಣೆಯ ಮನೆ. ಅದರಲ್ಲಿ ಒಂದನ್ನು ನಾನು ಹೊಲಿಗೆಗೆ ಇಟ್ಟುಕೊಂಡಿದ್ದೆ, ನಾನು ಕೆಲಸಕ್ಕೆ ಹೋಗುವ ಪರದೆ ಹೊಲಿಯುವ ಅಂಗಡಿಯಿಂದ ತಂದ ಬಟ್ಟೆ ಹರವಲು. ಅದನ್ನು ಖಾಲಿ ಮಾಡಿ ಕೊಟ್ಟೆ. ಕೊಟ್ಟೆ ಅನ್ನುವುದೇನೋ ನಿಜ, ಮುಖ ಮಾತ್ರ ಎರಡು ಮೊಳ ಉದ್ದವಾಗಿತ್ತು.

ಅವರ ಶುಚಿ ನೋಡಿ ನನಗೆ ಮೊದಲು ನಗು, ಆಮೇಲೆ ಸುಸ್ತು. ಮೊಣಕೈ ತನಕ ಸಾಬೂನು ಹಚ್ಚಿ ಕೈ ತೊಳೆಯುವುದು, ಮೊಣಕೈಯಿಂದಲೇ ನಲ್ಲಿ ನಿಲ್ಲಿಸುವುದು. ಸೌಟುಗಳನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ತಾರೀಖು ಬರೆದಿಡುವುದು. ಅವರು ಬಂದ ಹದಿನೈದು ದಿನದಲ್ಲಿ ನಮ್ಮ ಮನೆಯ ಜಿರಳೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಮನೆಗೆ ಹೋದವು. ಪಕ್ಕದ ಮನೆಯಾಕೆ ನನ್ನೊಡನೆ ಈಗಲೂ ಅಷ್ಟಕ್ಕಷ್ಟೆ.

ಇನ್ನು ನಮ್ಮ ಮನೆಯವರ ವಿಷಯ. ಅವರದು ಲಿಫ್ಟ್ ರಿಪೇರಿ ಕೆಲಸ. ಇಡೀ ದಿನ ಯಾರ್ಯಾರದೋ ಕಟ್ಟಡದ ಕತ್ತಲ ಗುಂಡಿಯಲ್ಲಿ ಗ್ರೀಸು ಬಳಿದುಕೊಂಡು ನೇತಾಡುವ ಮನುಷ್ಯನಿಗೆ ಮನೆಗೆ ಬಂದ ಕೂಡಲೇ ಬೆಳಕಿರುವ ನೀರು ನೋಡಬೇಕು. ಹಜಾರದ ಗೋಡೆಯುದ್ದಕ್ಕೂ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿದ್ದಾರೆ. ನಾನು ಅದನ್ನು ಸವತಿ ಎಂದೇ ಕರೆಯುವುದು. ಅದರಲ್ಲಿ ಆಗ ಐದು ಮೀನುಗಳಿದ್ದವು, ಆದರೆ ಅವರ ಪ್ರಾಣವೆಲ್ಲ ಒಂದರ ಮೇಲೆ. ಹೆಬ್ಬೆರಳಿನಷ್ಟು ಮೀನು, ನೀಲಿ ಮೈಮೇಲೆ ಕಿತ್ತಳೆ ಬಣ್ಣದ ಸುರುಳಿ ಗೆರೆಗಳು. ಅದಕ್ಕೆ ಮದುಮಗ ಎಂದು ಹೆಸರು, ಹೆಸರಿಗೆ ತಕ್ಕ ಸೊಕ್ಕು. ಉಳಿದ ಮೀನುಗಳು ಮುಗಿಬೀಳುವ ಪುಡಿಯನ್ನಾಗಲಿ ಉಂಡೆಯನ್ನಾಗಲಿ ಅದು ಮೂಸುವುದಿಲ್ಲ. ಕಲ್ಲಿನ ಸಂದಿಯಲ್ಲಿ ಓಡಾಡುವ ಜೀವಂತ ಹುಳುಗಳೇ ಬೇಕು. ಬೆಳಗಿನಿಂದ ಸಂಜೆಯ ತನಕ ಒಂದೊಂದನ್ನೇ ಹೆಕ್ಕಿ ತಿನ್ನಬೇಕು.

ಆ ಹುಳುಗಳಿಗಾಗಿ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಗಾಜಿನ ಡಬ್ಬಿ. ರೆಫ್ಯೂಜಿಯಂ ಅನ್ನುತ್ತಾರೆ. ಅದರಲ್ಲಿ ಸಿಕ್ಕುಗಟ್ಟಿದ ನೂಲಿನಂಥ ಹಸಿರು ಪಾಚಿ, ಒಂದೆರಡು ಹಿಡಿ ಕಲ್ಲುಚೂರು, ತಳದಲ್ಲಿ ಕಂದು ಗಸಿ. ಮೇಲಿನ ನೀರು ಪೈಪಿನಲ್ಲಿ ಇಳಿದು, ಇದರಲ್ಲಿ ಹಾದು, ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ. ಪಾಚಿಯೊಳಗೆ ಸಾಸಿವೆಯ ಕಾಲು ಭಾಗವೂ ಇಲ್ಲದ ಸಾವಿರಾರು ಜೀವಿಗಳು. ನಾನು ಹುಳ ಎಂದರೆ ಇವರಿಗೆ ಸಿಟ್ಟು. "ಹುಳ ಅಲ್ವೇ, ಸೀಗಡಿ, ಏಡಿ ಇದಾವಲ್ಲ, ಅವುಗಳ ಬಳಗ. ಕೋಪಿಪಾಡ್ ಅಂತಾರೆ. ಮೇಲಿದ್ರೆ ಮೀನು ಒಂದನ್ನೂ ಉಳಿಸಲ್ಲ. ಅದಕ್ಕೇ ಇದು ಅವುಗಳ ತವರುಮನೆ. ಇಲ್ಲಿ ಬಾಣಂತನ ಮುಗಿಸ್ಕೊಂಡು ಆಮೇಲೆ ಪಂಪಲ್ಲಿ ಮೇಲಕ್ಕೆ ಹೋಗ್ತವೆ." "ಮೇಲಕ್ಕೆ ಕಳ್ಸಿ ಮದುಮಗನ ಬಾಯಿಗೆ ಹಾಕ್ತೀರಿ, ಒಳ್ಳೆ ತವರು" ಎಂದಿದ್ದೆ ನಾನು. ಅಂದರೆ ಆ ಡಬ್ಬಿಯಲ್ಲಿ ಏನಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಅತ್ತಿಗೆ ಬಂದು ಒಂದೂವರೆ ತಿಂಗಳಾಗಿತ್ತು. ಒಂದು ಬೆಳಿಗ್ಗೆ ನನಗೂ ಇವರಿಗೂ ಸಣ್ಣ ಜಗಳ. ಹೊಲಿಗೆ ಯಂತ್ರದ ಬೆಲ್ಟು ತನ್ನಿ ಎಂದು ವಾರದಿಂದ ಹೇಳುತ್ತಿದ್ದೆ. ಇವರು ಅದನ್ನು ಮರೆತು ಸವತಿಗೆ ಹೊಸ ದೀಪ ತಂದಿದ್ದರು. ಇವರು ಕೆಲಸಕ್ಕೆ ಹೋದ ಮೇಲೆ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತ, ನೆಲ ಒರೆಸುತ್ತಿದ್ದ ಅತ್ತಿಗೆಗೆ ಹೇಳಿದೆ: "ಇಷ್ಟೆಲ್ಲ ತೊಳೀತೀರಿ, ಆ ಕಪಾಟಿನೊಳಗಿನ ಡಬ್ಬಿ ನೋಡಿದ್ದೀರಾ? ನಾನು ಈ ಮನೆಗೆ ಬಂದಾಗಿಂದ ಅದಕ್ಕೆ ಯಾರೂ ಕೈ ಹಚ್ಚಿಲ್ಲ." ಹೇಳಿ ಮೆಟ್ಟಿಲಿಳಿದೆ. ಕೆಳಗೆ ತಲುಪುವಷ್ಟರಲ್ಲಿ, ವಾಪಸು ಹೋಗಿ ಬೇಡ ಎಂದು ಹೇಳಲೇ ಎಂದು ಒಂದು ಗಳಿಗೆ ನಿಂತೆ. ಬಸ್ಸು ಬಂತು. ಹತ್ತಿದೆ.

ಸಂಜೆ ಬಂದು ನೋಡಿದರೆ ಡಬ್ಬಿ ಥಳಥಳ ಹೊಳೆಯುತ್ತಿತ್ತು. ಪಂಪಿನ ಸ್ವಿಚ್ಚು ಆರಿಸಿ, ಪಾಚಿಯನ್ನೆಲ್ಲ ಕಸಕ್ಕೆ ಹಾಕಿ, ಡಬ್ಬಿಯನ್ನು ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು ಬಿಸಿಲಿಗೆ ಒಣಗಿಸಿದ್ದರು. ಒಳಗೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕಲ್ಲುಚೂರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ್ದರು. ಕಲ್ಲುಗಳನ್ನು ಬರೀ ತೊಳೆದಿರಲಿಲ್ಲ. ನನ್ನ ಕುಕ್ಕರಿನಲ್ಲಿಟ್ಟು ಆರು ಸೀಟಿ ಕೂಗಿಸಿದ್ದರು.

ಇವರು ಬಂದರು. ಅಂಗಿಯ ಗುಂಡಿ ಬಿಚ್ಚುತ್ತಿದ್ದವರು ಹಾಗೇ ನೆಲದ ಮೇಲೆ ಕೂತರು. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಅಕ್ಕ, ಇದರಲ್ಲಿ ಜೀವ ಇತ್ತು."

"ಇತ್ತು ಕಣೋ, ನೋಡಿದೆ. ಪಿತಪಿತ ಅಂತ ಓಡಾಡ್ತಿತ್ತು. ಅದಕ್ಕೇ ತೊಳ್ದೆ."

ಇವರು ನಿಧಾನವಾಗಿ ಎಲ್ಲ ವಿವರಿಸಿದರು. ಮೇಲೆ ಕಲ್ಲಿನ ಸಂದಿಯಲ್ಲಿ ಉಳಿದಿರುವ ಹುಳುಗಳು ಒಂದು ವಾರಕ್ಕೆ ಮುಗಿಯುತ್ತವೆ, ಕೆಳಗಿನಿಂದ ಹೊಸವು ಬರುವುದಿಲ್ಲ, ಮದುಮಗ ಬೇರೇನೂ ತಿನ್ನುವುದಿಲ್ಲ. ಅತ್ತಿಗೆ ತಮ್ಮ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಕೇಳಿದರು. ಮುಖ ಹುಣಸೆಹುಳಿ ಹಚ್ಚಿ ತೊಳೆದ ಪಾತ್ರೆಯ ಹಾಗೆ ಬಿಳಿಚಿಕೊಂಡಿತ್ತು. ನಾನು ಅಡುಗೆಮನೆಯಲ್ಲಿ ಕುಕ್ಕರ್ ತೊಳೆಯುತ್ತ ನಿಂತಿದ್ದೆ. ಈಗ ಯಾರಾದರೂ "ಅದನ್ನು ತೊಳೀ ಅಂತ ನಿಂಗೆ ಯಾರು ಹೇಳಿದ್ದು" ಎಂದು ಕೇಳುತ್ತಾರೆ, ಆಗ ಹೇಳಿದರಾಯಿತು ಎಂದುಕೊಂಡೆ. ಯಾರೂ ಕೇಳಲಿಲ್ಲ. ಹಬೆಯಕ್ಕ ತೊಳೆಯುವುದಕ್ಕೆ ಯಾರಾದರೂ ಹೇಳಬೇಕೇ?

ಮಾರನೆಯ ದಿನ ಇವರು ಹೊರಟ ಮೇಲೆ ಅತ್ತಿಗೆ ನನ್ನ ಬಳಿ ಬಂದು ಕಡ್ಡಿ ಮುರಿದ ಹಾಗೆ ಹೇಳಿದರು: "ನೋಡಮ್ಮ, ಆ ಮೀನು ಉಳಿಯೋ ಹಾಗೆ ಮಾಡ್ತೀನಿ. ಉಳೀತೋ, ನೀವು ಇರು ಅಂದಷ್ಟು ದಿನ ಇರ್ತೀನಿ. ಇಲ್ವೋ, ಅವತ್ತೇ ಹೊರಡ್ತೀನಿ. ತಮ್ಮನ ಮನೇಲಿ ಉಂಡು ಅವನ ಪ್ರೀತಿಯ ಜೀವ ತೆಗೆದೋಳು ಅನ್ನಿಸ್ಕೊಂಡು ಇರಕ್ಕಾಗಲ್ಲ." "ಬನ್ನಿ, ಮೀನಂಗಡಿಗೆ ಹೋಗೋಣ" ಎಂದೆ. ಆ ದಿನ ಕೆಲಸಕ್ಕೆ ರಜೆ ಹಾಕಿದೆ.

ಮೀನಂಗಡಿಯವನು ಕತೆ ಕೇಳಿ ಮೊದಲು ನಕ್ಕ, ಕುಕ್ಕರಿನ ವಿಷಯಕ್ಕೆ ಬಂದಾಗ ನಗು ನಿಲ್ಲಿಸಿದ. ಒಳಗಿನಿಂದ ಒಂದು ಸಣ್ಣ ಸೀಸೆ ತಂದ. ಬೆಳಕಿಗೆ ಹಿಡಿದರೆ ನೀರಿನಲ್ಲಿ ಧೂಳಿನ ಕಣಗಳು ತಾವೇ ತಾವಾಗಿ ಕುಪ್ಪಳಿಸುತ್ತಿದ್ದವು.

"ಇದನ್ನೇ ಹಾಕಿದ್ರೆ ನಿಮ್ಮ ಮೀನಿಗೆ ಒಂದು ದಿನದ ತಿಂಡಿ ಅಮ್ಮ. ನನ್ನ ಹತ್ರ ಇರೋದೂ ಬೀಜಕ್ಕೆ ಇಟ್ಕೊಂಡಿರೋ ಇಂಥ ಎರಡೇ ಸೀಸೆ. ಜಾಡೀಲಿ ಉಪ್ಪುನೀರು ಹಾಕಿ ಇದನ್ನ ಬಿಡಿ, ಇವುಗಳ ಊಟಕ್ಕೆ ಈ ಪಾಚಿಯ ಹಸಿರು ನೀರು ದಿನಾ ಎರಡು ಚಮಚ ಕೊಡಿ. ಮೂರು ವಾರದಲ್ಲಿ ಮಂದೆ ಆಗುತ್ತೆ."

"ಮೀನು ಮೂರು ವಾರ ಇರುತ್ತಾ?" ಎಂದು ಕೇಳಿದರು ಅತ್ತಿಗೆ.

"ಇರ್ಬಹುದು. ಆದ್ರೆ ಹೊಟ್ಟೆ ಪೂರ್ತಿ ಒಳಗೆ ಹೋಗ್ಬಿಟ್ರೆ ಆಮೇಲೆ ತಿಂದ್ರೂ ಕೆಲವು ಸಲ ಉಳಿಯಲ್ಲ."

ಮನೆಗೆ ಬಂದು ಅತ್ತಿಗೆ ಎರಡು ಗಾಜಿನ ಜಾಡಿ ತೆಗೆದುಕೊಂಡರು. ಸಾಬೂನು ಹಾಕಿ ತಿಕ್ಕಿದರು, ಕುದಿಸಿದರು, ಮತ್ತೆ ತಿಕ್ಕಿದರು. ಮೊಣಕೈ ತನಕ ಕೈ ತೊಳೆದರು. ಉಸಿರು ಬಿಗಿಹಿಡಿದು ಸೀಸೆಯನ್ನು ಅರ್ಧ ಇದಕ್ಕೆ, ಅರ್ಧ ಅದಕ್ಕೆ ಸುರಿದರು. ಎರಡನೆಯ ದಿನಕ್ಕೆ ಎಲ್ಲವೂ ಜಾಡಿಯ ತಳದಲ್ಲಿ ಮಲಗಿದ್ದವು. ಒಂದೂ ಅಲುಗಲಿಲ್ಲ.

ಮತ್ತೆ ಅಂಗಡಿಗೆ ಹೋದೆವು. ಅವನು ಜಾಡಿ ಮೂಸಿ ನೋಡಿದ. ಅತ್ತಿಗೆಯ ಕೈಯನ್ನು ನೋಡಿದ. ಮೂರು ಮಾರು ದೂರಕ್ಕೆ ಆಸ್ಪತ್ರೆ ಸಾಬೂನಿನ ವಾಸನೆ. "ಅಮ್ಮ, ಸಾಬೂನಿನ ಒಂದು ಹನಿ ಸಾಕು ಇವು ಸಾಯಕ್ಕೆ. ಇದು ಕೊನೇ ಸೀಸೆ. ದಮ್ಮಯ್ಯ ಅಂತೀನಿ, ಈ ಸಲ ಏನೂ ತೊಳೀಬೇಡಿ" ಎಂದು ಎರಡನೆಯದನ್ನೂ ಕೊಟ್ಟ.

ಆ ಮಧ್ಯಾಹ್ನ ನಾನು ಕಂಡದ್ದನ್ನು ಮರೆಯಲಾರೆ. ಅತ್ತಿಗೆ ನಲ್ಲಿಯ ಮುಂದೆ ನಿಂತಿದ್ದರು. ಬಲಗೈ ತನ್ನಷ್ಟಕ್ಕೆ ಸಾಬೂನಿನ ಕಡೆ ಹೋಯಿತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಎಳೆದುಕೊಂಡರು. ಬರೀ ನೀರಿನಲ್ಲಿ ತೊಳೆದರು, ಆ ಕೈ ಯಾರದೋ ಅನ್ನುವ ಹಾಗೆ ಮೈಯಿಂದ ದೂರ ಹಿಡಿದುಕೊಂಡು ಬಂದು ಜಾಡಿಯ ಮುಂದೆ ಕೂತರು. "ಮೂವತ್ತೆಂಟು ವರ್ಷ ಕಣಮ್ಮ" ಎಂದರು. "ಕಣ್ಣಿಗೆ ಕಾಣದಿರೋ ಜೀವಾನೆಲ್ಲ ಸಾಯ್ಸಿದ್ರೆ ಮಾತ್ರ ಮನುಷ್ಯ ಉಳೀತಾನೆ ಅಂತ ಕಲ್ತಿದ್ದೆ. ಈ ವಯಸ್ಸಲ್ಲಿ ಉಲ್ಟಾ ಕಲೀಬೇಕು." ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗ. ಅದುವರೆಗೆ ಇದ್ದದ್ದು ಬರೀ ಮರ್ಯಾದೆ.

ಕಿಟಕಿಯ ಕಟ್ಟೆಯ ಮೇಲೆ ಜಾಡಿಗಳು ಕೂತವು. ಗೋಡೆಗೆ ಒಂದು ಚಾರ್ಟು. ಬೆಳಿಗ್ಗೆ ಎಷ್ಟು ಶಾಖ, ಸಂಜೆ ಎಷ್ಟು ಶಾಖ, ಹಸಿರು ನೀರು ಎಷ್ಟು ಚಮಚ, ಕೊನೆಯ ಮನೆಯಲ್ಲಿ ಅವರ ಸಹಿ. ನೋಡಿಕೊಳ್ಳುವವರು ಅವರೊಬ್ಬರೇ, ಪರಿಶೀಲಿಸುವವರು ಯಾರೂ ಇಲ್ಲ, ಆದರೂ ಸಹಿ. ನಾನು ಟಾರ್ಚು ಹಿಡಿಯುವುದು, ಅವರು ಭೂತಗನ್ನಡಿ ಹಿಡಿದು ನೋಡುವುದು. ಟಾರ್ಚು ಹಿಡಿದು ನಿಂತಾಗ ನೆಲಮಾಳಿಗೆಯ ಕತೆಗಳನ್ನು ಹೇಳುತ್ತಿದ್ದರು. ಮೇಲಿನ ಥಿಯೇಟರಿನಲ್ಲಿ ಮಗು ಅತ್ತರೆ ಅವರಿಗೆ ಕೇಳುತ್ತಿರಲಿಲ್ಲವಂತೆ. ರಕ್ತ ಹತ್ತಿದ ಕತ್ತರಿ ಕೆಳಗೆ ಬಂದಾಗ, ಇನ್ನೊಂದು ಹುಟ್ಟಿತು ಎಂದು ಅಂದುಕೊಳ್ಳುತ್ತಿದ್ದರಂತೆ. "ಒಂದನ್ನೂ ಎತ್ಕೊಂಡಿಲ್ಲ" ಎಂದರು. ಆಗೆಲ್ಲ ನನ್ನ ನಾಲಿಗೆಯ ತುದಿಗೆ ನಿಜ ಬರುತ್ತಿತ್ತು. ನಾಳೆ ಹೇಳೋಣ, ಮೀನು ಉಳಿದರೆ ಹೇಳುವ ಅಗತ್ಯವೇ ಇಲ್ಲ ಎಂದು ಒಳಗೆ ತಳ್ಳುತ್ತಿದ್ದೆ.

ಹನ್ನೆರಡನೆಯ ದಿನ ಅವರು ನನ್ನ ತೋಳು ಹಿಡಿದರು. "ಇಲ್ಲಿ ನೋಡು, ಇವಳು ಬಸುರಿ." ನಾನು ಭೂತಗನ್ನಡಿಯಲ್ಲಿ ಕಣ್ಣಿಟ್ಟೆ. ಅಕ್ಕಿಯ ನುಚ್ಚಿಗಿಂತ ಚಿಕ್ಕ ಜೀವ, ಒಂದೇ ಕೆಂಪು ಕಣ್ಣು, ಬಾಲದ ಬುಡಕ್ಕೆ ಕಟ್ಟಿಕೊಂಡ ಮೊಟ್ಟೆಯ ಚೀಲ. "ಅಲ್ಲಿ ಇನ್ನೊಬ್ಬಳು. ಅಲ್ಲಿ ಇಬ್ಬರು." ಅತ್ತಿಗೆ ಎಣಿಸುತ್ತ ಹೋದರು. ಅರವತ್ತರ ತನಕ ಎಣಿಸಿ ಕಣ್ಣೊರೆಸಿಕೊಂಡರು. "ಹೆರಿಗೆ ವಾರ್ಡು ಪೂರ್ತಿ ಭರ್ತಿ ಕಣೇ" ಎಂದರು.

ಆದರೆ ಮೇಲಿನ ತೊಟ್ಟಿಯಲ್ಲಿ ಮದುಮಗ ಬಾಡುತ್ತಿತ್ತು. ಇವರು ಏನೇನೋ ತಂದು ಹಾಕಿದರು, ಮುಖ ತಿರುಗಿಸಿತು. ಹೊಟ್ಟೆ ಒಳಸೇರಿ, ಬೆನ್ನಿನ ಎರಡು ಬದಿಗೆ ಗೆರೆ ಎದ್ದಿತು. ಖಾಲಿ ಕಲ್ಲನ್ನು ಹೆಕ್ಕುತ್ತಲೇ ಇತ್ತು. ಇವರು ಅಕ್ಕನಿಗೆ ಒಂದು ಮಾತು ಅನ್ನಲಿಲ್ಲ. ಬೆಳಿಗ್ಗೆ ಎದ್ದು ಮೊದಲು ಜಾಡಿ ನೋಡುವುದು, ಆಮೇಲೆ ತೊಟ್ಟಿ ನೋಡುವುದು, ಸುಮ್ಮನೆ ಕೆಲಸಕ್ಕೆ ಹೋಗುವುದು.

ಇಪ್ಪತ್ತನೆಯ ದಿನ ಜಾಡಿಯ ಗಾಜಿನ ಮೇಲೆಲ್ಲ ಚುಕ್ಕಿ ಚುಕ್ಕಿ ಓಡಾಡತೊಡಗಿದವು. ತೆಳು ಬಟ್ಟೆಯಲ್ಲಿ ಸೋಸಿ, ಅರ್ಧದಷ್ಟನ್ನು ಅತ್ತಿಗೆ ತಮ್ಮ ಕೈಯಾರೆ ತೊಟ್ಟಿಗೆ ಬಿಟ್ಟರು. ಮದುಮಗ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಟಕ್ ಎಂದು ಒಂದನ್ನು ಹೆಕ್ಕಿತು. ಇನ್ನೊಂದು. ಮತ್ತೊಂದು. ಮೂವರೂ ಗಾಜಿಗೆ ಮೂಗು ಒತ್ತಿಕೊಂಡು ನಿಂತೆವು. ನಾನು ಸವತಿಯ ಮುಂದೆ ಹಾಗೆ ನಿಂತದ್ದು ಅದೇ ಮೊದಲು. ನಾಲ್ಕು ದಿನ ಅದು ತಿಂದಿತು. ಅತ್ತಿಗೆ ರೂಮಿನ ಮಾತು ಎತ್ತಲಿಲ್ಲ.

ಐದನೆಯ ದಿನ ಬೆಳಿಗ್ಗೆ ಮದುಮಗ ಮರಳಿನ ಮೇಲೆ ಪಕ್ಕಕ್ಕೆ ಒರಗಿತ್ತು. ಬಣ್ಣ ಹಾಗೇ ಇತ್ತು, ಉಸಿರಿರಲಿಲ್ಲ. ಮೊದಲು ಕಂಡವರು ಅತ್ತಿಗೆಯೇ. ಇವರು ಅದನ್ನು ಬೊಗಸೆಯಲ್ಲಿ ತೆಗೆದುಕೊಂಡು ಹೋಗಿ ಹೂವಿನ ಕುಂಡದಲ್ಲಿ ಮಣ್ಣು ಮಾಡಿ ಬಂದು, "ನೀನು ಮಾಡೋದೆಲ್ಲ ಮಾಡ್ದೆ ಅಕ್ಕ" ಎಂದರು. ಇವರ ಮುಖದಲ್ಲಿ ಸಿಟ್ಟಿರಲಿಲ್ಲ. ಅತ್ತಿಗೆ ತಲೆಯಾಡಿಸಿ ಒಳಗೆ ಹೋದರು.

ಅರ್ಧ ಗಂಟೆಯಲ್ಲಿ ಹೊರಗೆ ಹೋಗುವ ಬಟ್ಟೆಯುಟ್ಟು ಬಂದರು. ಹಳೆಯ ಆಸ್ಪತ್ರೆಯ ಗೆಳತಿಯ ಮನೆಯಲ್ಲಿ ಸದ್ಯಕ್ಕೆ ಜಾಗವಿದೆ, ಫೋನು ಮಾಡಿಯಾಯಿತು ಎಂದರು. ಇವರು ಬೇಡ ಎಂದರು, ಗೋಗರೆದರು. ಅತ್ತಿಗೆ ಒಂದೇ ಮಾತು: "ಮಾತು ಕೊಟ್ಟಿದ್ದೀನಿ. ಗಾಡಿ ಕರಿ." ಇವರು ಬೇರೆ ದಾರಿ ಕಾಣದೆ ಕೆಳಗಿಳಿದರು.

ಅತ್ತಿಗೆ ನನ್ನನ್ನು ಕಿಟಕಿಯ ಬಳಿಗೆ ಕರೆದರು. ಡ್ಯೂಟಿ ಮುಗಿದವರು ಮುಂದಿನ ಪಾಳಿಯವರಿಗೆ ಒಪ್ಪಿಸುವ ಹಾಗೆ ಒಪ್ಪಿಸತೊಡಗಿದರು. "ಇದು ಒಂದನೇದು, ಬೆಳಿಗ್ಗೆ ಎರಡು ಚಮಚ. ನೀರು ತಿಳಿಯಾದ್ರೆ ಮಾತ್ರ ಸಂಜೆ ಇನ್ನೊಂದು. ಎರಡನೇ ಜಾಡೀಲಿ ಚಿಕ್ಕವು ಜಾಸ್ತಿ ಇವೆ, ಹುಷಾರಾಗಿ ಸೋಸು. ಕೈಗೆ ಸಾಬೂನು ಮುಟ್ಟಿಸ್ಬೇಡ." ಚಾರ್ಟನ್ನು ಗೋಡೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಅಂದಿನ ಬೆಳಗಿನ ಸಹಿಯೂ ಆಗಿತ್ತು. ಮೀನು ಸತ್ತ ದಿನವೂ ಅವಕ್ಕೆ ಊಟ ಕೊಟ್ಟಿದ್ದರು.

ಆ ಕಾಗದ ಹಿಡಿದುಕೊಂಡು ನಿಲ್ಲಲು ನನ್ನಿಂದಾಗಲಿಲ್ಲ.

"ಅತ್ತಿಗೆ, ಆ ಡಬ್ಬಿಗೆ ಯಾರೂ ಕೈ ಹಚ್ಚಿಲ್ಲ ಅಂತ ಹೇಳಿದ್ದು ನಾನು."

"ಹ್ಞೂಂ."

"ಅದರಲ್ಲಿ ಏನಿದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಹೇಳ್ದೆ. ಇವರ ಮೇಲಿನ ಸಿಟ್ಟಿಗೆ."

"ಅದೂ ಗೊತ್ತು" ಎಂದರು ಅತ್ತಿಗೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀನು ಅವತ್ತು ಕುಕ್ಕರನ್ನ ಮೂರು ಸಲ ತೊಳ್ದೆ. ನಾನೇ ಅಷ್ಟು ತೊಳೆಯಲ್ಲ."

"ಮತ್ಯಾಕೆ ಹೇಳ್ಲಿಲ್ಲ ನೀವು?"

"ನಾನು ಹೋಗೋಳು, ನೀನು ಇರೋಳು. ಇರೋ ಇಬ್ಬರ ಮಧ್ಯೆ ಮನಸ್ತಾಪ ಹಚ್ಚಿಟ್ಟು ಹೋದ್ರೆ ಅದನ್ನ ಯಾವ ಹಬೇಲಿ ಬೇಯ್ಸೋದು?"

ಬಾಗಿಲಲ್ಲಿ ಇವರು ನಿಂತಿದ್ದರು. ಗಾಡಿ ಬಂದಿದೆ ಎಂದು ಹೇಳಲು ಬಂದವರು, ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವೂ ಇರಲಿಲ್ಲ, ಮುಚ್ಚಿಡುವ ಆಸೆಯೂ ಇರಲಿಲ್ಲ. "ರೀ, ನಿಮ್ಮ ಮೀನನ್ನ ಕೊಂದೋಳು ನಾನು. ಅಕ್ಕ ಅಲ್ಲ" ಎಂದೆ. ಅತ್ತಿಗೆಯ ಕಡೆ ತಿರುಗಿ, "ತಪ್ಪು ಮಾಡಿದೋರು ಹೋಗ್ಬೇಕು ಅಂತಾದ್ರೆ ಆ ಗಾಡೀಲಿ ನಾನು ಕೂರ್ಬೇಕು. ಹೋಗ್ಬೇಡಿ ಅತ್ತಿಗೆ. ನಂಗೆ ನೀವು ಬೇಕು" ಎಂದೆ. ಬಾಯಿಯೂ ಮನಸ್ಸೂ ಆ ಹೊತ್ತು ಒಂದೇ ಮಾತು ಹೇಳಿದವು.

ಇವರು ಕೆಳಗೆ ಹೋಗಿ ಗಾಡಿಯವನನ್ನು ವಾಪಸು ಕಳಿಸಿ ಬಂದರು. ಅಕ್ಕನಿಗೆ "ಕೂತ್ಕೋ" ಎಂದರು. ನನಗೆ ಏನೂ ಹೇಳಲಿಲ್ಲ. ನಾಲ್ಕು ದಿನ ಏನೂ ಹೇಳಲಿಲ್ಲ.

ಆ ನಾಲ್ಕು ದಿನ ಇಬ್ಬರ ನಡುವೆ ಮಾತು ದಾಟಿಸಿದವರು ಅತ್ತಿಗೆ. "ಅವಳು ಊಟಕ್ಕೆ ಕರೀತಿದಾಳೆ ಕಣೋ." "ಅವನಿಗೆ ನೀಲಿ ಅಂಗಿ ಬೇಕಂತೆ ಕಣೇ." ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ. ನಾಲ್ಕನೆಯ ದಿನ ಸಂಜೆ ಅವರು ಜಾಡಿಯ ನೀರು ಸೋಸುತ್ತಿದ್ದಾಗ ಇವರು, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನನ್ನನ್ನು ಕೇಳಲು ಅವರಿಗೆ ಹೇಳಿದರು. ಅತ್ತಿಗೆ ಬಟ್ಟೆಯನ್ನು ಕೆಳಗಿಟ್ಟರು. ಸೊಂಟದ ಮೇಲೆ ಒದ್ದೆ ಕೈಯಿಟ್ಟು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಇಬ್ಬರನ್ನೂ ಸೇರಿಸಿ ಬೈದರು. "ನಾನೇನು ನಿಮ್ಮ ಮನೆ ಪೋಸ್ಟ್‌ಮ್ಯಾನಾ? ಇಷ್ಟು ವಯಸ್ಸಾಗಿದೆ, ನಾಚಿಕೆ ಆಗಲ್ವಾ ಇಬ್ಬರಿಗೂ? ಇಲ್ಲಿ ನನ್ನ ಮಕ್ಕಳು ಬಟ್ಟೆ ಮೇಲೆ ಒಣಗ್ತಿದಾವೆ. ಹೋಗಿ, ನಿಮ್ಮ ಉಪ್ಪು ನೀವೇ ಹುಡ್ಕೊಳಿ."

ನಮ್ಮ ಮನೆಗೆ ಬಂದಾಗಿನಿಂದ ಅವರು ಯಾರಿಗೂ ಒಂದು ಗಡುಸು ಮಾತು ಆಡಿರಲಿಲ್ಲ. ಬಂದವರು ನೆಂಟರ ಹಾಗೇ ಇದ್ದರು. ಇವರು ತಲೆ ತಗ್ಗಿಸಿ ನಿಂತಿದ್ದರು. ಇವರ ತುಟಿಯ ಕೊನೆಯಲ್ಲಿ ನಗು ಸಿಕ್ಕಿಬಿದ್ದಿತ್ತು. ಅತ್ತಿಗೆ ಇನ್ನೂ ಬೈಯುತ್ತಲೇ ಇದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಒಳಗೆ ಹೋಗಿ ಅತ್ತುಬಿಟ್ಟೆ.